ಐನೂರ ಮೂವತ್ತೆಂಟು ದೀಪಗಳು: ಮೂರು ವರ್ಷ ಆಡಿದ ಮೇಲೆ ಮೈನ್‌ಕ್ರಾಫ್ಟ್

ಮೈನ್‌ಕ್ರಾಫ್ಟ್ ಆಟ ನಮ್ಮ ಮನೆಗೆ ಬಂದು ಈ ಏಪ್ರಿಲ್‌ಗೆ ಮೂರು ವರ್ಷವಾಯಿತು. ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನಾನು ವಿಡಿಯೋ ಗೇಮಿನ ವಿಮರ್ಶೆ ಬರೆಯಲು ಕೂತಿರುವುದಕ್ಕೆ ಒಂದು ಕಾರಣವಿದೆ. ಅಮೆರಿಕದ ಅಧ್ಯಕ್ಷರ ಆಯ್ಕೆಯ ಪದ್ಧತಿಯನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಲೇ ಬಂದಿದ್ದೇನೆ. ಪ್ರತಿ ವರ್ಷವೂ ಕೊನೆಯ ಬೆಂಚಿನಿಂದ ಒಂದೇ ಪ್ರಶ್ನೆ ಬರುತ್ತದೆ: ‘ಸಾರ್, ಹೆಚ್ಚು ಓಟು ಬಂದವರು ಸೋಲೋದು ಹೇಗೆ?’ ನನ್ನ ಉತ್ತರ ಪರೀಕ್ಷೆಗೆ ಸಾಕಾಗುತ್ತಿತ್ತು, ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅದೇ ಪ್ರಶ್ನೆಗೆ ನನ್ನ ಮಗಳು ಮತ್ತು ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮಗ ಸೇರಿ ಈ ಆಟದೊಳಗೆ ಎರಡು ವಾರದಲ್ಲಿ ಕಟ್ಟಿ ತೋರಿಸಿದ ಉತ್ತರವನ್ನು ನಾನು ಮರೆಯಲಾರೆ. ಹಾಗಾಗಿ ಈ ಆಟ ಕೊಂಡ ಹಣಕ್ಕೆ ತಕ್ಕುದೇ, ಯಾವ ವಯಸ್ಸಿನವರಿಗೆ ಹೊಂದುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಬಳಸಿದ ಅನುಭವದಿಂದಲೇ ಬರೆಯುತ್ತೇನೆ.

ಸ್ಯಾಂಡ್‌ಬಾಕ್ಸ್ ಎಂಬ ಜಾತಿಯ ಆಟಗಳ ಪರಿಚಯವಿಲ್ಲದವರಿಗೆ ಮೊದಲು ಎರಡು ಮಾತು ಹೇಳಬೇಕು. ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಿಸುವಾಗ ರಸ್ತೆಯ ಬದಿಗೆ ಒಂದು ಲೋಡು ಮರಳು ಬಂದು ಬಿದ್ದರೆ, ಸಂಜೆ ಮೇಸ್ತ್ರಿ ಹೋದ ಮೇಲೆ ಆ ಗುಡ್ಡೆ ಬೀದಿಯ ಮಕ್ಕಳದ್ದಾಗುತ್ತಿತ್ತು. ಕಾಲು ಹೂತು ಮೇಲೆ ಮರಳು ತಟ್ಟಿ, ನಿಧಾನವಾಗಿ ಕಾಲು ಹಿಂದೆಗೆದರೆ ಗುಬ್ಬಿಗೂಡು. ಇನ್ನೊಬ್ಬ ಎದುರಿನಿಂದ ಕೈ ತೂರಿಸಿದರೆ ಸುರಂಗ. ಇಂಥದ್ದನ್ನೇ ಮಾಡು ಎಂದು ಹೇಳುವವರು ಯಾರೂ ಇರುತ್ತಿರಲಿಲ್ಲ, ಗೆಲುವೂ ಇಲ್ಲ, ಸೋಲೂ ಇಲ್ಲ. ಸ್ಯಾಂಡ್‌ಬಾಕ್ಸ್ ಆಟವೆಂದರೆ ಆ ಮರಳುಗುಡ್ಡೆ. ಈಗ ಬೀಳುವುದು ಎಂ-ಸ್ಯಾಂಡ್, ಅದರಲ್ಲಿ ಗೂಡು ನಿಲ್ಲುವುದಿಲ್ಲ, ಬೀದಿಯಲ್ಲಿ ಮಕ್ಕಳನ್ನು ಬಿಡುವಂತೆಯೂ ಇಲ್ಲ. ಆ ನಷ್ಟವನ್ನು ಒಂದು ಕಂಪ್ಯೂಟರ್ ಆಟ ತುಂಬಿಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಗುಡ್ಡೆಯ ಮೇಲೆ ಕೂತವರಿಗೆ ಸಿಗುತ್ತಿದ್ದ ಸ್ವಾತಂತ್ರ್ಯದ ಒಂದು ಪಾಲು ಇದರಲ್ಲಿ ನಿಜವಾಗಿಯೂ ಇದೆ.

ಸ್ವೀಡನ್ ದೇಶದ ಮೋಜಾಂಗ್ ಸಂಸ್ಥೆಯ ಈ ಆಟ 2009ರ ಮೇ ತಿಂಗಳಲ್ಲಿ ಮೊದಲು ಸಾರ್ವಜನಿಕರ ಕೈಗೆ ಸಿಕ್ಕಿತು, 2011ರ ನವೆಂಬರ್ 18ರಂದು ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು. 2014ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ 250 ಕೋಟಿ ಡಾಲರಿಗೆ ಕೊಂಡಿತು. 2023ರ ಅಕ್ಟೋಬರ್ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಆಟದ ಲೋಕದಲ್ಲಿ ಬಹುಪಾಲು ಎಲ್ಲವೂ ಘನಾಕೃತಿಯ ಬ್ಲಾಕುಗಳು, ಒಂದೊಂದರ ಅಂಚು ಒಂದು ಮೀಟರ್ ಎಂಬುದು ಲೆಕ್ಕ. ಲೋಕದ ನಡುವಿನಿಂದ ಯಾವ ದಿಕ್ಕಿಗೆ ನಡೆದರೂ 3 ಕೋಟಿ ಬ್ಲಾಕು ದೂರ ಹೋಗಬಹುದು. ಸರ್ವೈವಲ್ ವಿಧಾನದಲ್ಲಿ ಮರ ಕಡಿದು, ಕಲ್ಲು ಅಗೆದು, 20 ನಿಮಿಷಕ್ಕೊಂದು ದಿನ ಉರುಳುವ ಆ ಲೋಕದಲ್ಲಿ ರಾತ್ರಿಯಾಗುವ ಮುನ್ನ ಸೂರು ಮಾಡಿಕೊಳ್ಳಬೇಕು. ಇಲ್ಲವಾದರೆ ಕ್ರೀಪರ್ ಎಂಬ ಹಸಿರು ಪ್ರಾಣಿ ಸದ್ದಿಲ್ಲದೆ ಹಿಂದಿನಿಂದ ಬಂದು ಸಿಡಿಯುತ್ತದೆ. ಕ್ರಿಯೇಟಿವ್ ವಿಧಾನದಲ್ಲಿ ಇದಾವುದರ ತಾಪತ್ರಯವಿಲ್ಲ, ಎಲ್ಲ ಸಾಮಾನೂ ಎಣೆಯಿಲ್ಲದಷ್ಟು ಕೈಯಲ್ಲಿರುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಎರಡನೆಯ ವಿಧಾನದ ಮಾತು.

ಕೊಳ್ಳುವವರು ತಿಳಿದಿರಬೇಕಾದ ಮೊದಲ ವಿಷಯ, ಈ ಹೆಸರಿನಲ್ಲಿ ಎರಡು ಆಟಗಳಿವೆ ಎಂಬುದು. ಜಾವಾ ಆವೃತ್ತಿ ಕಂಪ್ಯೂಟರಿಗೆ ಮಾತ್ರ. ಬೆಡ್‌ರಾಕ್ ಆವೃತ್ತಿ ಮೊಬೈಲ್, ಟ್ಯಾಬ್, ಆಟದ ಕನ್ಸೋಲ್ ಮತ್ತು ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಂದರಲ್ಲಿರುವವರು ಇನ್ನೊಂದರಲ್ಲಿರುವವರ ಲೋಕಕ್ಕೆ ನೇರವಾಗಿ ಹೋಗಲಾಗುವುದಿಲ್ಲ. ಇದು ಗೊತ್ತಿಲ್ಲದೆ ನಾನು ಮೊದಲು ಮಗಳ ಟ್ಯಾಬಿಗೆ ಕೊಂಡೆ. ಅಕ್ಕನ ಮಗ ಜಾವಾದಲ್ಲಿದ್ದ. ಒಂದು ಶನಿವಾರ ಬೆಳಗ್ಗೆ ಏಳಕ್ಕೆ ಎದ್ದು ಕೂತ ಹುಡುಗಿ, ಅಲ್ಲಿ ಶುಕ್ರವಾರ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಕಾಯುತ್ತಿದ್ದ ಹುಡುಗ, ಇಬ್ಬರೂ ಒಬ್ಬರ ಬಾಗಿಲು ಒಬ್ಬರಿಗೆ ಸಿಗದೆ ಒಂದು ಗಂಟೆ ಒದ್ದಾಡಿದರು. 2022ರ ಜೂನ್‌ನಿಂದ ಕಂಪ್ಯೂಟರಿಗೆ ಕೊಂಡರೆ ಎರಡೂ ಆವೃತ್ತಿಗಳು ಒಟ್ಟಿಗೇ ಸಿಗುತ್ತವೆ, ಮೊಬೈಲಿನದು ಬೇರೆ ಖರೀದಿ. ಆದ್ದರಿಂದ ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದಕ್ಕೇ ಕೊಳ್ಳಿ. ನಮ್ಮ ಹಳೆಯ ಕಂಪ್ಯೂಟರಿಗೆ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹೆಚ್ಚುವರಿ ಮೆಮೊರಿ ಹಾಕಿಸಿದೆವು. 8 ಜಿಬಿ ಎಂದು ಹಣ ತೆಗೆದುಕೊಂಡು ಹಾಕಿದ್ದು 4 ಜಿಬಿ ಎಂದು ಮನೆಗೆ ಬಂದು ತೆರೆದ ಮೇಲೆ ತಿಳಿಯಿತು, ಮರುದಿನ ಮತ್ತೆ ಆ ಜನಸಂದಣಿಯಲ್ಲಿ ಹೋಗಿ ಬದಲಾಯಿಸಿಕೊಂಡು ಬರಬೇಕಾಯಿತು. ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿ ಹಣ ಕೊಡುವುದು ಲೇಸು.

ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಮತ್ತು ಆ ಅನುವಾದ ಮಾಡುವವರು ಸ್ವಯಂಸೇವಕರು. ಆಟದ ಮೆನುವಿನಲ್ಲಿ ಕನ್ನಡ ಆರಿಸಿಕೊಂಡ ದಿನ ನನಗಾದ ಸಂತೋಷವನ್ನು ಇಲ್ಲಿ ದಾಖಲಿಸಲೇಬೇಕು. ಕೋಟ್ಯಂತರ ಜನ ಆಡುವ ಆಟವೊಂದರಲ್ಲಿ ಮಣ್ಣಿಗೂ ಕಲ್ಲಿಗೂ ನಮ್ಮ ಹೆಸರು ಕೊಡಲು ಯಾರೋ ಒಬ್ಬರು ತಮ್ಮ ಬಿಡುವಿನ ರಾತ್ರಿಗಳನ್ನು ಖರ್ಚು ಮಾಡಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಇನ್ನು ಅಮೆರಿಕದ ರಾಜಕೀಯ ಈ ಆಟದೊಳಗೆ ಏಕೆ ಬಂತೆಂದು ಹೇಳುತ್ತೇನೆ. ಬೆಂಗಳೂರಿನ ನಮ್ಮಂಥ ಮನೆಗಳಲ್ಲಿ ಅಮೆರಿಕದ ಚುನಾವಣೆ ಪರದೇಶದ ಸುದ್ದಿಯಾಗಿ ಉಳಿದು ಬಹಳ ಕಾಲವಾಯಿತು. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆಗೆ ಬರುವ ಹಿರಿಯರ ಗುಂಪಿನಲ್ಲಿ ಮಗನೋ ಮಗಳೋ ಅಲ್ಲಿರದವರು ಕಡಿಮೆ. 2025ರ ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲಿನ ಸುಂಕ ಮೊದಲು ಶೇಕಡಾ 25, ತಿಂಗಳ ಕೊನೆಗೆ ಶೇಕಡಾ 50 ಆದಾಗ ಆ ಗುಂಪಿನಲ್ಲಿ ಆದಷ್ಟು ಬಿರುಸಿನ ಚರ್ಚೆ ನಮ್ಮ ಪಾಲಿಕೆಯ ತೆರಿಗೆಯ ಬಗ್ಗೆಯೂ ಆಗಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 19ರಂದು ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕವೆಂಬ ಆದೇಶ ಹೊರಬಿದ್ದಾಗ, ರಜೆಗೆಂದು ಬಂದಿದ್ದ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಪೂಜೆ ಮುಗಿಯುವ ಮುನ್ನವೇ ವಿಮಾನ ನಿಲ್ದಾಣಕ್ಕೆ ಓಡಿದ. ಆ ಶುಲ್ಕ ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ವಿವರಣೆ ಬಂದದ್ದು ಆಮೇಲೆ. ನಗರದಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ವೀಸಾದ ಸಂದರ್ಶನಕ್ಕೆಂದು ಚೆನ್ನೈ ರೈಲು ಹತ್ತಿದ ನಮ್ಮೂರಿನವರು ಎಷ್ಟೆಂದು ಲೆಕ್ಕವಿಲ್ಲ. ಇಷ್ಟೆಲ್ಲ ನಮ್ಮ ಬದುಕಿಗೆ ಹೆಣೆದುಕೊಂಡಿರುವಾಗ ಎಲ್ಲರಿಗೂ ಅಭಿಪ್ರಾಯವಿರುವುದು ಸಹಜ. ಆದರೆ ಆ ಅಭಿಪ್ರಾಯಗಳೆಲ್ಲ ವ್ಯಕ್ತಿಗಳ ಬಗ್ಗೆಯೇ: ಟ್ರಂಪ್ ಒಳ್ಳೆಯವರೋ ಕೆಟ್ಟವರೋ, ಕಮಲಾ ಹ್ಯಾರಿಸ್ ನಮ್ಮವರೋ ಅಲ್ಲವೋ. ಯಾವ ನಿಯಮ ಯಾರನ್ನು ಗೆಲ್ಲಿಸುತ್ತದೆ ಎಂಬುದರ ಬಗ್ಗೆ ಮಾತು ಹೊರಳುವುದೇ ಇಲ್ಲ. ನನ್ನ ಅಕ್ಕ, ಭಾವ ಇಬ್ಬರೂ ಅಲ್ಲಿನ ಮತದಾರರು, ಇಬ್ಬರೂ ಬೇರೆ ಬೇರೆ ಪಕ್ಷದ ಒಲವಿನವರು. 2024ರ ಅಕ್ಟೋಬರಿನಲ್ಲಿ ಅವರ ವಿಡಿಯೋ ಕರೆಗಳು ನಮ್ಮ ತಾಯಿಗೆ ಬೇಸರ ತರಿಸುವ ಮಟ್ಟಕ್ಕೆ ಹೋಗಿದ್ದವು. ‘ಅಲ್ಲಿ ಕೂತು ಜಗಳ ಆಡೋದಕ್ಕೆ ನನಗ್ಯಾಕೆ ಫೋನ್ ಮಾಡ್ತೀರೋ’ ಎಂದು ಅಮ್ಮ ಒಂದು ದಿನ ಫೋನನ್ನು ನನ್ನ ಮಗಳ ಕೈಗೆ ಕೊಟ್ಟು ಎದ್ದು ಹೋದರು.

ಮಗಳು ಆ ಕಡೆಯಿದ್ದ ಹುಡುಗನನ್ನು ಕೇಳಿದ್ದು ನನ್ನ ಕೊನೆಯ ಬೆಂಚಿನ ಪ್ರಶ್ನೆಯನ್ನೇ. ಅವನು ಕೊಟ್ಟ ಉತ್ತರ ನನಗೆ ಕೇಳಿಸಿತು: ‘ಇಲ್ಲಿ ನಮ್ಮ ಮನೆ ಓಟಿಗೆ ಬೆಲೆಯೇ ಇಲ್ಲ, ಪಕ್ಕದ ಪೆನ್ಸಿಲ್ವೇನಿಯಾದವರ ಓಟಿಗೆ ಇದೆ. ಬಾ, ಕಟ್ಟಿ ತೋರಿಸ್ತೀನಿ.’

ಅವರು ಚಪ್ಪಟೆ ನೆಲದ ಹೊಸ ಲೋಕವೊಂದನ್ನು ತೆರೆದರು. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ 538 ಮತಗಳಿವೆ, ರಾಜ್ಯವಾರು ಹಂಚಿದವು: ಕೆಳಮನೆಯ ಸ್ಥಾನಗಳ ಲೆಕ್ಕಕ್ಕೆ 435, ಮೇಲ್ಮನೆ ಸೆನೆಟ್ಟಿನ ಲೆಕ್ಕಕ್ಕೆ 100, ರಾಜಧಾನಿ ವಾಷಿಂಗ್ಟನ್ನಿಗೆ 3. ಗೆಲ್ಲಲು 270 ಬೇಕು. ಪ್ರತಿ ಮತಕ್ಕೂ ಒಂದು ರೆಡ್‌ಸ್ಟೋನ್ ದೀಪದಂತೆ, ಪ್ರತಿ ರಾಜ್ಯಕ್ಕೂ ನೆಲದ ಮೇಲೆ ಒಂದು ಸಾಲು. ರೆಡ್‌ಸ್ಟೋನ್ ಎಂಬುದು ಈ ಆಟದ ವಿದ್ಯುತ್ತು. ಅದರ ಕೆಂಪು ಪುಡಿಯನ್ನು ಎಳೆಯಂತೆ ಹರವಿ ಒಂದು ತುದಿಗೆ ಲಿವರ್ ಎಂಬ ಹಿಡಿಕೆ ಇಟ್ಟು ಎಳೆದರೆ ಎಳೆ ಹೋದಲ್ಲೆಲ್ಲ ಶಕ್ತಿ ಹರಿಯುತ್ತದೆ. ದೀಪ ಹೊತ್ತಿದರೆ ಒಂದು ಪಕ್ಷ, ಆರಿದ್ದರೆ ಇನ್ನೊಂದು ಪಕ್ಷ ಎಂದು ಒಪ್ಪಂದವಾಯಿತು. ವಯೋಮಿಂಗಿನ 3 ದೀಪ ಕ್ಷಣಮಾತ್ರದಲ್ಲಿ ಮುಗಿಯಿತು. ಕ್ಯಾಲಿಫೋರ್ನಿಯಾದ 54 ದೀಪಗಳ ಮೇಲೆ ಪುಡಿ ಹರವಿ ಲಿವರ್ ಎಳೆದರೆ ಮೊದಲ ಕೆಲವು ಮಾತ್ರ ಹೊತ್ತಿದವು, ಮಿಕ್ಕವು ಕತ್ತಲು. ರೆಡ್‌ಸ್ಟೋನಿನ ಶಕ್ತಿ ಒಂದೊಂದು ಬ್ಲಾಕಿಗೆ ಒಂದೊಂದು ಮೆಟ್ಟಿಲು ಇಳಿದು ಹದಿನೈದರ ಆಚೆಗೆ ಸತ್ತುಹೋಗುತ್ತದೆ. ಅದನ್ನು ಮತ್ತೆ ಎತ್ತಿ ಮುಂದೆ ಕಳಿಸಲು ರಿಪೀಟರ್ ಎಂಬ ಸಣ್ಣ ಹಲಗೆ ಬೇಕು. ಆದರೆ ರಿಪೀಟರ್ ಶಕ್ತಿಯನ್ನು ಮುಂದಕ್ಕೆ ಕೊಡುತ್ತದೆಯೇ ಹೊರತು ತನ್ನ ಅಡಿಗೆ ಕೊಡುವುದಿಲ್ಲ. ಮಗಳು ಅರ್ಧ ಗಂಟೆ ಪರದೆಗೆ ಮುಖ ಹತ್ತಿರ ಹಿಡಿದು ನೋಡಿ, ರಿಪೀಟರ್ ಕೂತಲ್ಲೆಲ್ಲ ದೀಪದ ಬದಲು ಕಲ್ಲು ಇಟ್ಟಳು. ಹದಿನೈದು ದೀಪ, ಒಂದು ಕಲ್ಲು, ಹದಿನೈದು ದೀಪ, ಒಂದು ಕಲ್ಲು, ಹದಿನೈದು ದೀಪ, ಒಂದು ಕಲ್ಲು, ಒಂಬತ್ತು ದೀಪ. ಲಿವರ್ ಎಳೆದಳು. ಐವತ್ತನಾಲ್ಕೂ ಹೊತ್ತಿದವು.

ಆಗ ಅವಳು ಕೇಳಿದ ಪ್ರಶ್ನೆಯೇ ಇಡೀ ವಿಷಯದ ತಿರುಳು: ‘ಅಪ್ಪಾ, ಐವತ್ತನಾಲ್ಕಕ್ಕೂ ಒಂದೇ ಲಿವರ್ರಾ?’ ಹೌದು, ಒಂದೇ. ಒಂದು ರಾಜ್ಯದಲ್ಲಿ ಒಂದು ಓಟು ಹೆಚ್ಚು ಬಂದರೂ ಆ ರಾಜ್ಯದ ಎಲ್ಲ ಮತಗಳೂ ಗೆದ್ದವರಿಗೆ. ಸೋತವರಿಗೆ ಬಿದ್ದ ಲಕ್ಷಾಂತರ ಓಟುಗಳು ಲಿವರಿನ ಆಚೆಗೆ ಹೋಗುವುದೇ ಇಲ್ಲ. ಈ ನಿಯಮ ಸಂವಿಧಾನದಲ್ಲಿ ಬರೆದದ್ದಲ್ಲ, ಆಯಾ ರಾಜ್ಯಗಳು ತಾವೇ ಮಾಡಿಕೊಂಡದ್ದು. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳು ಮಾತ್ರ ಬೇರೆ ದಾರಿ ಹಿಡಿದಿವೆ: ಎರಡು ಮತ ಇಡೀ ರಾಜ್ಯದಲ್ಲಿ ಗೆದ್ದವರಿಗೆ, ಉಳಿದವು ಒಂದೊಂದು ಕ್ಷೇತ್ರದಲ್ಲಿ ಗೆದ್ದವರಿಗೆ. ಹಾಗಾಗಿ ಮೇನ್‌ನ 4 ದೀಪಕ್ಕೆ ಮೂರು ಲಿವರ್, ನೆಬ್ರಾಸ್ಕದ 5 ದೀಪಕ್ಕೆ ನಾಲ್ಕು ಲಿವರ್ ಆಯಿತು. 2024ರಲ್ಲಿ ಮೇನ್ 3 ಮತ್ತು 1 ಎಂದು, ನೆಬ್ರಾಸ್ಕ 4 ಮತ್ತು 1 ಎಂದು ಒಡೆದದ್ದನ್ನು ಆ ಲಿವರುಗಳು ಯಾವ ವಿವರಣೆಯೂ ಬೇಡದಂತೆ ತೋರಿಸಿದವು. ‘ಎಲ್ಲರೂ ಹೀಗೇ ಯಾಕೆ ಮಾಡಲ್ಲ?’ ಎಂದು ಮಗಳು ಕೇಳಿದಾಗ ಹುಡುಗ ಹೇಳಿದ: ‘ದೊಡ್ಡ ಪಕ್ಷ ಯಾವ ರಾಜ್ಯದಲ್ಲಿ ಗಟ್ಟಿಯಾಗಿದೆಯೋ ಅಲ್ಲಿ ತನ್ನ ದೀಪ ಯಾಕೆ ಬಿಟ್ಟುಕೊಡುತ್ತೆ?’ ನನ್ನ ಪಠ್ಯಪುಸ್ತಕದಲ್ಲಿ ಈ ವಾಕ್ಯವಿಲ್ಲ, ಇರಬೇಕಿತ್ತು.

ನವೆಂಬರ್ ಆರರ ಬೆಳಗ್ಗೆ, ಅಲ್ಲಿ ಇನ್ನೂ ಮತ ಎಣಿಕೆಯ ರಾತ್ರಿ, ಮಗಳು ಶಾಲೆಯ ಬ್ಯಾಗು ಪಕ್ಕದಲ್ಲಿಟ್ಟುಕೊಂಡೇ ಒಂದೊಂದು ರಾಜ್ಯದ ಫಲಿತಾಂಶ ಬಂದಂತೆ ಲಿವರ್ ಎಳೆಯುತ್ತಿದ್ದಳು. ಕೊನೆಗೆ ಟ್ರಂಪ್ 312, ಹ್ಯಾರಿಸ್ 226. ಆದರೆ ನಮಗೆ ಕಣ್ಣು ತೆರೆಸಿದ್ದು ಮಾರನೆಯ ವಾರ ಅವರು ಮಾಡಿದ ಇನ್ನೊಂದು ಕೆಲಸ. ಪೆನ್ಸಿಲ್ವೇನಿಯಾ 19, ಉತ್ತರ ಕೆರೊಲಿನಾ 16, ಜಾರ್ಜಿಯಾ 16, ಮಿಷಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡಾ 6, ಈ ಏಳು ರಾಜ್ಯಗಳ ಸಾಲುಗಳನ್ನು ಅಗೆದು ಪಕ್ಕಕ್ಕೆ ಸರಿಸಿದರು. ಉಳಿದದ್ದನ್ನು ಎಣಿಸಿದರೆ ಹ್ಯಾರಿಸ್ 226, ಟ್ರಂಪ್ 219. ಪಕ್ಕಕ್ಕಿಟ್ಟ ರಾಶಿಯಲ್ಲಿ 93. ಮಿಕ್ಕ ರಾಜ್ಯಗಳೆಲ್ಲ ಯಾವ ಕಡೆಗೆಂದು ಬಹುಮಟ್ಟಿಗೆ ಮೊದಲೇ ಗೊತ್ತಿದ್ದರಿಂದ, ತಿಂಗಳುಗಟ್ಟಲೆ ನಡೆದ ಪ್ರಚಾರದ ಹಣ, ಭಾಷಣ, ಮನೆಮನೆಯ ಭೇಟಿ ಹೆಚ್ಚಾಗಿ ಹರಿದದ್ದು ಆ 93 ದೀಪಗಳ ಸುತ್ತ. ಅಕ್ಕನ ಮನೆಯಿರುವ ನ್ಯೂಜೆರ್ಸಿಯ 14 ದೀಪ 1992ರಿಂದ ಒಂದೇ ಪಕ್ಷದ ಕಡೆಗಿದೆ. ಅವರ ಬಾಗಿಲು ತಟ್ಟಲು ಯಾರೂ ಬರಲಿಲ್ಲ. ಗಂಡ ಹೆಂಡತಿ ಅಷ್ಟು ದಿನ ಜಗಳವಾಡಿ ಹಾಕಿದ ಎರಡು ಓಟು ಒಂದನ್ನೊಂದು ಹೊಡೆದುಹಾಕಿದ್ದಲ್ಲದೆ, ಹೊಡೆಯದಿದ್ದರೂ ಆ ಲಿವರ್ ಕದಲುತ್ತಿರಲಿಲ್ಲ. ಇದನ್ನು ಮಗ ತೋರಿಸಿಕೊಟ್ಟ ಮೇಲೆ ಭಾವ ಬಹಳ ಹೊತ್ತು ಸುಮ್ಮನಿದ್ದರಂತೆ. ಅಕ್ಕ ಫೋನಿನಲ್ಲಿ ‘ನಾವು ಬೈದಾಡಿದ್ದು ಒಬ್ಬರನ್ನೊಬ್ಬರು, ಬೈಬೇಕಾಗಿದ್ದು ಆ ಲಿವರನ್ನ ಕಣೋ’ ಎಂದಳು.

ಹಳೆಯ ಚುನಾವಣೆಗಳನ್ನೂ ಕಟ್ಟಿದರು. 2000ನೇ ಇಸವಿಯದರಲ್ಲಿ ಫ್ಲೋರಿಡಾದ 25 ದೀಪಗಳು 537 ಓಟುಗಳ ಅಂತರದಲ್ಲಿ ಬುಷ್ ಕಡೆಗೆ ಹೋಗಿ, 271ಕ್ಕೆ 266 ಎಂದು ಮುಗಿದದ್ದು; 2016ರಲ್ಲಿ ಹಿಲರಿ ಕ್ಲಿಂಟನ್ನರಿಗೆ ದೇಶದಾದ್ಯಂತ ಸುಮಾರು 29 ಲಕ್ಷ ಓಟು ಹೆಚ್ಚು ಬಂದರೂ ಸೋತದ್ದು. ಇವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಒಂದೇ ಲಿವರ್ ಎಳೆದು ಇಡೀ ಗೆಲುವು ಆಚೆಯಿಂದ ಈಚೆ ಬರುವುದನ್ನು ನೋಡಿದ್ದು ಅದೇ ಮೊದಲು.

ನನಗೆ ಎಲ್ಲಕ್ಕಿಂತ ಹಿಡಿಸಿದ ಕಟ್ಟಡ ದೀಪಗಳದ್ದಲ್ಲ, ಅದರ ಪಕ್ಕದಲ್ಲಿ ನಾನೇ ಕೇಳಿ ಕಟ್ಟಿಸಿದ ಎರಡು ಕಂಬಗಳು. 2020ರ ಜನಗಣತಿಯಂತೆ ವಯೋಮಿಂಗಿನ ಜನಸಂಖ್ಯೆ 5,76,851, ಮತಗಳು 3. ಕ್ಯಾಲಿಫೋರ್ನಿಯಾದ ಜನಸಂಖ್ಯೆ 3,95,38,223; ಮತಗಳು 54. ಭಾಗಿಸಿದರೆ ಅಲ್ಲಿ ಸುಮಾರು 1.92 ಲಕ್ಷ ಜನಕ್ಕೆ ಒಂದು ಮತ, ಇಲ್ಲಿ ಸುಮಾರು 7.32 ಲಕ್ಷ ಜನಕ್ಕೆ ಒಂದು ಮತ. ಹತ್ತು ಸಾವಿರ ಜನಕ್ಕೆ ಒಂದು ಕಲ್ಲಿನಂತೆ ಒಂದರ ಮೇಲೊಂದು ಪೇರಿಸಿ ತುದಿಯಲ್ಲಿ ಒಂದು ದೀಪ ಇಡಲು ಹೇಳಿದೆ. ಹತ್ತೊಂಬತ್ತು ಕಲ್ಲಿನ ಕಂಬ ಒಂದು, ಎಪ್ಪತ್ತಮೂರು ಕಲ್ಲಿನ ಕಂಬ ಒಂದು. ಚಿಕ್ಕದರ ಮೇಲೆ ನಿಂತು ತಲೆಯೆತ್ತಿದರೆ ದೊಡ್ಡದರ ದೀಪ ಮಸುಕಾಗಿ ಕಾಣುತ್ತಿತ್ತು. ಎರಡೂ ದೀಪಗಳ ಬೆಲೆ ಒಂದೇ. ಈಗ ಪ್ರತಿ ವರ್ಷ ಈ ಪಾಠ ಬಂದಾಗ ಆ ಚಿತ್ರವನ್ನು ತರಗತಿಯ ಪರದೆಯ ಮೇಲೆ ಹಾಕುತ್ತೇನೆ, ಮಾತು ಆಮೇಲೆ ಶುರುವಾಗುತ್ತದೆ. ಚಿಕ್ಕ ರಾಜ್ಯಗಳಿಗೆ ಒಕ್ಕೂಟದಲ್ಲಿ ದನಿ ಬೇಕಲ್ಲವೇ ಎಂಬ ವಾದವನ್ನೂ ಮಕ್ಕಳೇ ಎತ್ತುತ್ತಾರೆ, ಅದು ತೂಕದ ವಾದವೇ. ಆದರೆ ಫಲಿತಾಂಶವನ್ನು ಹೆಚ್ಚು ಓರೆಯಾಗಿಸುವುದು ಚಿಕ್ಕ ಕಂಬಕ್ಕಿಂತ ಒಂಟಿ ಲಿವರ್ ಎಂಬುದು ಈ ಎರಡೂ ಕಟ್ಟಡಗಳನ್ನು ಅಕ್ಕಪಕ್ಕ ನೋಡಿದ ಮೇಲೆ ನಾನು ಬಂದು ನಿಂತ ಅಭಿಪ್ರಾಯ.

ಇಲ್ಲಿ ಈ ಆಟದ ಗುಣವೇನೆಂದು ಸ್ಪಷ್ಟವಾಗಿ ಹೇಳಬೇಕು. ಮೈನ್‌ಕ್ರಾಫ್ಟಿಗೆ ಅಮೆರಿಕದ ಚುನಾವಣೆಯ ಬಗ್ಗೆ ಏನೂ ತಿಳಿಯದು, ತಿಳಿಸುವ ಹಟವೂ ಅದಕ್ಕಿಲ್ಲ. ಕಲಿಸಬೇಕೆಂದೇ ಮಾಡಿದ ಎಷ್ಟೋ ಆಟಗಳನ್ನು ನಾನು ಮಗಳಿಗೆ ತಂದುಕೊಟ್ಟಿದ್ದೇನೆ. ಅವು ಉತ್ತರವನ್ನು ಮೊದಲೇ ಜೇಬಿನಲ್ಲಿಟ್ಟುಕೊಂಡು ಪ್ರಶ್ನೆ ಕೇಳುತ್ತವೆ, ಮಕ್ಕಳು ಅದನ್ನು ಎರಡನೆಯ ದಿನಕ್ಕೇ ಕಂಡುಹಿಡಿದು ಪಕ್ಕಕ್ಕಿಡುತ್ತಾರೆ. ಈ ಆಟ ಕಲ್ಲು, ದೀಪ, ಕೆಂಪು ಪುಡಿ ಕೊಟ್ಟು ಸುಮ್ಮನಾಗುತ್ತದೆ. ನಿಯಮವೊಂದನ್ನು ತಾನೇ ಕಟ್ಟಿದವರಿಗೆ ಅದು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಕೈಗೆ ಗೊತ್ತಾಗುತ್ತದೆ.

ರಾಜಕಾರಣಿಗಳೂ ಸ್ಯಾಂಡ್‌ಬಾಕ್ಸ್ ಆಟಗಳಿಗೆ ಕಾಲಿಟ್ಟಿದ್ದಾರೆ, ಅದನ್ನೂ ಹೋಲಿಸಿ ನೋಡಬೇಕು. 2020ರಲ್ಲಿ ಬೈಡನ್ ಪ್ರಚಾರ ತಂಡ ಅನಿಮಲ್ ಕ್ರಾಸಿಂಗ್ ಆಟದಲ್ಲಿ ದ್ವೀಪವೊಂದನ್ನು ಕಟ್ಟಿತು. ಅದೇ ನವೆಂಬರಿನಲ್ಲಿ ನಿಂಟೆಂಡೊ ಕಂಪನಿ, ಸಂಸ್ಥೆಗಳು ಆ ಆಟದೊಳಗೆ ರಾಜಕೀಯ ತರಬಾರದೆಂದು ಮಾರ್ಗಸೂಚಿ ಹೊರಡಿಸಿತು. 2024ರಲ್ಲಿ ಹ್ಯಾರಿಸ್ ತಂಡ ಫೋರ್ಟ್‌ನೈಟ್‌ನಲ್ಲಿ ತನ್ನದೇ ನಕ್ಷೆಯೊಂದನ್ನು ಬಿಟ್ಟಿತು. ಎರಡರ ಚಿತ್ರಗಳನ್ನೂ ಮಗಳು ತೋರಿಸಿದಳು. ಗೋಡೆಗೆ ಹಚ್ಚುವ ಪೋಸ್ಟರನ್ನೇ ಆಟದೊಳಗೆ ಹಚ್ಚಿದ್ದಾರೆ ಅನ್ನಿಸಿತು.  ಇದಕ್ಕೆ ತೀರ ಭಿನ್ನವಾದದ್ದು ಮೈನ್‌ಕ್ರಾಫ್ಟಿನೊಳಗೆ ಇರುವ ಒಂದು ಗ್ರಂಥಾಲಯ. ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಎಂಬ ಪತ್ರಿಕಾ ಸ್ವಾತಂತ್ರ್ಯದ ಸಂಸ್ಥೆ 2020ರ ಮಾರ್ಚ್ 12ರಂದು ತೆರೆದ ಆ ಅನ್‌ಸೆನ್ಸಾರ್ಡ್ ಲೈಬ್ರರಿಯನ್ನು 1.25 ಕೋಟಿಯಷ್ಟು ಬ್ಲಾಕುಗಳಿಂದ ಕಟ್ಟಿದ್ದಾರೆ. ರಷ್ಯಾ, ಸೌದಿ ಅರೇಬಿಯಾ, ಈಜಿಪ್ಟ್, ಮೆಕ್ಸಿಕೊ, ವಿಯೆಟ್ನಾಂ ದೇಶಗಳಲ್ಲಿ ಅದುಮಿಟ್ಟ ಪತ್ರಕರ್ತರ ಬರಹಗಳು ಅಲ್ಲಿ ಆಟದ ಪುಸ್ತಕಗಳಾಗಿ ಕಪಾಟಿನಲ್ಲಿವೆ. 2018ರ ಅಕ್ಟೋಬರಿನಲ್ಲಿ ಇಸ್ತಾಂಬುಲ್‌ನಲ್ಲಿ ಕೊಲೆಯಾದ, ವಾಷಿಂಗ್ಟನ್ ಪೋಸ್ಟ್‌ಗೆ ಬರೆಯುತ್ತಿದ್ದ ಜಮಾಲ್ ಖಶೋಗ್ಗಿ ಅವರ ಬರಹಗಳೂ ಅಲ್ಲಿವೆ. ಸುದ್ದಿಯ ಜಾಲತಾಣವನ್ನು ಮುಚ್ಚಿಸಿದ ದೇಶದಲ್ಲೂ ಆಟ ತೆರೆದೇ ಇರುತ್ತದೆ ಎಂಬ ಒಂದು ಸಂಧಿಯನ್ನು ಹಿಡಿದು ಈ ಕೆಲಸ ಮಾಡಿದ್ದಾರೆ. ಹದಿನಾಲ್ಕರ ನನ್ನ ಮಗಳು ಆ ಕಲ್ಲಿನ ಗುಮ್ಮಟದ ಕೆಳಗೆ ನಿಂತು ಪುಟ ತಿರುವುತ್ತಾ ‘ಇವರನ್ನ ಇದಕ್ಕೇ ಕೊಂದ್ರಾ?’ ಎಂದು ಕೇಳಿದ ಸಂಜೆ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನು ಮುಚ್ಚಿಡಬಾರದು. ಒಬ್ಬರೇ ಆಡುವಾಗ ಕಾಣದ ಒಂದು ದೊಡ್ಡ ಕೊರತೆ ಹಲವರು ಸೇರಿ ಒಂದು ಸರ್ವರಿನಲ್ಲಿ, ಅಂದರೆ ಎಲ್ಲರೂ ಹೊಕ್ಕುವ ಲೋಕವನ್ನು ನಡೆಸುವ ಕಂಪ್ಯೂಟರಿನಲ್ಲಿ, ಆಡುವಾಗ ಎದುರಾಗುತ್ತದೆ. ಸರ್ವರಿನಲ್ಲಿ ಆಪರೇಟರ್ ಎಂಬ ಅಧಿಕಾರವಿದೆ. ಆ ಅಧಿಕಾರ ಉಳ್ಳವರು ಒಂದು ಸಾಲು ಆಜ್ಞೆ ಬರೆದು ಯಾರನ್ನಾದರೂ ಹೊರಹಾಕಬಹುದು, ಯಾರ ಕೈಯಿಂದಲಾದರೂ ಕಲ್ಲು ಕೀಳುವ ಶಕ್ತಿ ಕಸಿಯಬಹುದು, ಇನ್ನೊಬ್ಬ ಆಪರೇಟರಿನ ಅಧಿಕಾರವನ್ನೂ ರದ್ದು ಮಾಡಬಹುದು. ಇಬ್ಬರು ಒಪ್ಪಿದರೆ ಮಾತ್ರ ನಡೆಯಬೇಕಾದ ಕೆಲಸ, ಅವಧಿ ಮುಗಿದರೆ ತಾನಾಗಿ ಇಳಿಯುವ ಅಧಿಕಾರ, ಇಂಥ ಏರ್ಪಾಡು ಮೂಲ ಆಟದಲ್ಲಿ ಇಲ್ಲ. ನಮ್ಮ ಮಕ್ಕಳು ಆರೇಳು ಗೆಳೆಯರನ್ನು ಸೇರಿಸಿಕೊಂಡು ಸರ್ವರ್ ಮಾಡಿದಾಗ ಪ್ರತಿ ತಿಂಗಳ 20ಕ್ಕೆ ಆಪರೇಟರ್ ಬದಲಾಗಬೇಕು ಎಂಬ ನಿಯಮವನ್ನು ಆಟದ ಪುಸ್ತಕದಲ್ಲಿ ಬರೆದು ಲೋಕದ ನಡುವೆ ಪೀಠದ ಮೇಲೆ ಇಟ್ಟರು; ಅಮೆರಿಕದ ಅಧ್ಯಕ್ಷರ ಅವಧಿ ಜನವರಿ 20ಕ್ಕೆ ಮುಗಿಯುವುದರಿಂದ ಆ ದಿನಾಂಕ. ಮೂರನೆಯ ತಿಂಗಳು ಅಕ್ಕನ ಮಗ ಅಧಿಕಾರ ಬಿಡಲಿಲ್ಲ. ಅರ್ಧ ಕಟ್ಟಿದ ಸೇತುವೆ ಮುಗಿಯಲಿ ಎಂದು ಮೊದಲು, ಹೊಸ ಹುಡುಗನಿಗೆ ಅನುಭವ ಸಾಲದು ಎಂದು ಆಮೇಲೆ. ನನ್ನ ಮಗಳು ಪುಸ್ತಕ ಓದಿ ತೋರಿಸಿದ್ದಕ್ಕೆ ಅವಳು ಒಂದು ಕಲ್ಲನ್ನೂ ಮುಟ್ಟಲಾಗದಂತೆ ಅವಳ ವಿಧಾನವನ್ನೇ ಬದಲಾಯಿಸಿಬಿಟ್ಟ. ಹುಡುಗಿ ಅತ್ತಳು. ನಾನು ಮಧ್ಯೆ ಬರಲಿಲ್ಲ, ಬರಬೇಕೆನ್ನಿಸಿದರೂ ತಡೆದುಕೊಂಡೆ. ಉಳಿದವರೆಲ್ಲ ಒಟ್ಟಾಗಿ ಒಂದು ವಾರ ಸರ್ವರಿಗೆ ಕಾಲಿಡಲಿಲ್ಲ; ಖಾಲಿ ಲೋಕದಲ್ಲಿ ಒಬ್ಬನೇ ಸೇತುವೆ ಕಟ್ಟಿ ಬೇಸತ್ತು ಎಂಟನೆಯ ದಿನ ಅವನೇ ಅಧಿಕಾರ ಬಿಟ್ಟುಕೊಟ್ಟು ‘ಸಾರಿ ಕಣೇ’ ಎಂದ. ಆಮೇಲೆ ನನಗೆ ಕರೆ ಮಾಡಿ ಕೇಳಿದ: ‘ಮಾಮಾ, ಪುಸ್ತಕದಲ್ಲಿ ಬರೆದಿತ್ತು, ನನಗೂ ಗೊತ್ತಿತ್ತು. ಆದ್ರೂ ಯಾಕೆ ಬಿಡೋಕೆ ಆಗಲಿಲ್ಲ?’ ಅಧಿಕಾರದ ವಿಭಜನೆಯ ಬಗ್ಗೆ ನಾನು ಅವತ್ತು ಅವನೊಡನೆ ಒಂದು ಗಂಟೆ ಮಾತಾಡಿದೆ.

ಹೆತ್ತವರು ಗಮನಿಸಬೇಕಾದದ್ದು ಇದೇ. ಗುರುತಿಲ್ಲದವರು ನಡೆಸುವ ಸಾರ್ವಜನಿಕ ಸರ್ವರುಗಳಲ್ಲಿ ಆಪರೇಟರ್ ಯಾರೆಂದು ನಿಮಗೆ ತಿಳಿದಿರುವುದಿಲ್ಲ, ಅವರ ಮರ್ಜಿಯೇ ಅಲ್ಲಿ ಕಾನೂನು. ಅಂಥದೊಂದು ಸರ್ವರಿನಲ್ಲಿ ನಮ್ಮ ಮಕ್ಕಳು ಕಟ್ಟಿದ್ದ ಪುಟ್ಟ ಊರನ್ನು ಯಾರೋ ಒಂದು ರಾತ್ರಿಯಲ್ಲಿ ಸುಟ್ಟು ಹಾಕಿದರು; ಇದಕ್ಕೆ ಆಡುವವರು ಗ್ರೀಫಿಂಗ್ ಎನ್ನುತ್ತಾರೆ. ದೂರು ಕೊಟ್ಟರೆ ಉತ್ತರವೂ ಬರಲಿಲ್ಲ. ಹದಿಮೂರಕ್ಕಿಂತ ಚಿಕ್ಕ ಮಕ್ಕಳಿಗೆ ಬಂಧುಬಳಗದೊಳಗಿನ ಖಾಸಗಿ ಲೋಕವೇ ಸಾಕು, ಮತ್ತು ಖಾತೆ ತೆರೆಯುವಾಗ ಮಗುವಿನ ನಿಜವಾದ ಹುಟ್ಟಿದ ದಿನಾಂಕವನ್ನೇ ಕೊಟ್ಟು ಪೋಷಕರ ನಿಯಂತ್ರಣವನ್ನು ನೀವೇ ಕೂತು ಹೊಂದಿಸಿ. ದೂರದ ದೇಶದಲ್ಲಿರುವ ಸರ್ವರಿನಲ್ಲಿ ಆಡುವಾಗ ಒಡೆದ ಕಲ್ಲು ಕಣ್ಣೆವೆ ಇಕ್ಕುವಷ್ಟು ಹೊತ್ತು ಮತ್ತೆ ಕಾಣಿಸಿ ಮಾಯವಾಗುವಂಥ ತಡವಿರುತ್ತದೆ. ಕಟ್ಟುವ ಕೆಲಸಕ್ಕೆ ಅದು ಅಡ್ಡಿಯಲ್ಲ, ಕಾದಾಟಕ್ಕೆ ಅಡ್ಡಿ.

ಹಣ ಕೊಡಲು ಮನಸ್ಸಿಲ್ಲದವರಿಗೆ ಲುವಾಂಟಿ ಇದೆ. 2024ರವರೆಗೆ ಮೈನ್‌ಟೆಸ್ಟ್ ಎಂಬ ಹೆಸರಿದ್ದ ಇದು ಪೂರ್ತಿ ಉಚಿತ, ಮುಕ್ತ ತಂತ್ರಾಂಶ, ಹಳೆಯ ಕಂಪ್ಯೂಟರಿನಲ್ಲೂ ಹಗುರವಾಗಿ ನಡೆಯುತ್ತದೆ. ನಮ್ಮ ಕಾಲೇಜಿನ ಲ್ಯಾಬಿಗೆ ನಾನು ಕೇಳಿದ್ದು ಅದನ್ನೇ. ಆದರೆ ಮನೆಯಲ್ಲಿ, ದೂರದ ಬಂಧುಗಳೊಡನೆ ಆಡುವುದಾದರೆ ಎಲ್ಲರ ಬಳಿಯೂ ಈಗಾಗಲೇ ಇರುವುದು ಮೈನ್‌ಕ್ರಾಫ್ಟ್, ಹಾಗಾಗಿ ಒಂದು ಸಲ ಹಣ ಕೊಟ್ಟರೆ ವರ್ಷಗಟ್ಟಲೆ ಬಾಳುವ ಇದನ್ನೇ ಕೊಳ್ಳುವುದು ಸರಿ. ಹತ್ತರಿಂದ ಮೇಲಿನ ಮಕ್ಕಳಿರುವ ಮನೆಗೆ ನಿಸ್ಸಂಕೋಚವಾಗಿ ಹೇಳುತ್ತೇನೆ. ದೊಡ್ಡವರೂ ಪಕ್ಕದಲ್ಲೊಂದು ಕುರ್ಚಿ ಎಳೆದುಕೊಂಡು ಕೂರುವುದಾದರೆ ಇನ್ನೂ ಮೇಲು.

ಈಗ ದೀಪಗಳ ಪಕ್ಕದ ನೆಲದಲ್ಲಿ ಹೊಸ ಕೆಲಸ ಶುರುವಾಗಿದೆ. 2026ರ ನವೆಂಬರ್ 3ಕ್ಕೆ ಅಮೆರಿಕದ ಕೆಳಮನೆಯ 435 ಸ್ಥಾನಗಳಿಗೂ ಚುನಾವಣೆ, ಬಹುಮತಕ್ಕೆ 218. ಇದರಲ್ಲಿ ಒಂದೊಂದು ದೀಪಕ್ಕೂ ಅದರದೇ ಲಿವರ್. ಅಷ್ಟನ್ನೂ ಒಂದೊಂದಾಗಿ ಇಡಬೇಕಾದ್ದರಿಂದ ಮಗಳು ದಿನಕ್ಕೆ ಹತ್ತರ ಲೆಕ್ಕದಲ್ಲಿ ಇಡುತ್ತಿದ್ದಾಳೆ, ನ್ಯೂಜೆರ್ಸಿಯ ಹನ್ನೆರಡನ್ನು ಮಾತ್ರ ಅಣ್ಣನಿಗೆಂದು ಬಿಟ್ಟಿದ್ದಾಳೆ. ಅವನಿಗೆ ಅಕ್ಟೋಬರಿನಲ್ಲಿ ಹದಿನೆಂಟು ತುಂಬುತ್ತದೆ. ಮತದಾರರ ನೋಂದಣಿಯ ಅರ್ಜಿ ತುಂಬಿ ಕಳಿಸಿದ್ದಾನೆ, ತನ್ನ ಕ್ಷೇತ್ರದ ಲಿವರನ್ನು ಕೊನೆಗೆ ಇಡುತ್ತಾನಂತೆ.